ಅಣಬೆ ಎಬ್ಬಿಸುವ ಮಳೆ, ಕೊಳೆ ತರುವ ಮಳೆ

ಜುಲೈ ತಿಂಗಳಲ್ಲಿ ಊರಿನಿಂದ ಫೋನ್ ಬಂತೆಂದರೆ ಎರಡು ಸುದ್ದಿ ಇದ್ದೇ ಇರುತ್ತದೆ. ಹುತ್ತದ ಹತ್ತಿರ ಅಣಬೆ ಎದ್ದಿದೆ ಎನ್ನುವುದು ಒಂದು, ತೋಟಕ್ಕೆ ಕೊಳೆ ಬಂದಿದೆ ಎನ್ನುವುದು ಇನ್ನೊಂದು. ಮುಂಬಯಿಯ ಫ್ಲ್ಯಾಟಿನಲ್ಲಿ ಕೂತು ಮೊದಲನೆಯದಕ್ಕೆ ಬಾಯಲ್ಲಿ ನೀರೂರುತ್ತದೆ, ಎರಡನೆಯದಕ್ಕೆ ನಿಟ್ಟುಸಿರು ಬರುತ್ತದೆ. ಎರಡನ್ನೂ ತರುವುದು ಮಾತ್ರ ಒಂದೇ ಮಳೆ.

ಪಶ್ಚಿಮಘಟ್ಟದ ಕಾಡು ಶಿಲೀಂಧ್ರಗಳ ದೊಡ್ಡ ಭಂಡಾರ. ಹುತ್ತದ ಅಣಬೆಯನ್ನೇ ನೋಡಿ: ಗೆದ್ದಲುಗಳು ಗೂಡಿನೊಳಗೆ ತರಗೆಲೆ, ಕಟ್ಟಿಗೆ ತಂದು ಅದರ ಮೇಲೆ ಶಿಲೀಂಧ್ರ ಬೆಳೆಸಿ ತಿನ್ನುತ್ತವೆ. ನಾವು ಸಾರು ಮಾಡುವ ಅಣಬೆ ಆ ಕೃಷಿಯಿಂದ ಮೇಲೆದ್ದ ಫಲ. ಮಳೆಗಾಲದ ಹಳ್ಳದಲ್ಲಿ ತೇಲುವ ನೊರೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ನಕ್ಷತ್ರದಂತೆ ಕೈಚಾಚಿದ ಬೀಜಾಣುಗಳು ಕಾಣುತ್ತವೆ. ನೀರಿಗೆ ಬಿದ್ದ ಎಲೆಗೆ ಅಂಟಿಕೊಂಡು ಅದನ್ನು ಕರಗಿಸುವುದು ಇವುಗಳ ಕೆಲಸ. ಮಂಗಳೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು ಇವುಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಗೋವಾ ವಿಶ್ವವಿದ್ಯಾಲಯದಲ್ಲಿದ್ದ ಡಿ. ಜೆ. ಭಟ್ ಅವರು ಘಟ್ಟದ ತರಗೆಲೆಗಳಿಂದಲೇ ಹಲವು ಹೊಸ ಶಿಲೀಂಧ್ರಗಳನ್ನು ಗುರುತಿಸಿದರು. ಈ ಜೀವಿಗಳಿಲ್ಲದಿದ್ದರೆ ಕಾಡು ತನ್ನದೇ ಕಸದಲ್ಲಿ ಹೂತುಹೋಗುತ್ತಿತ್ತು.

ಕಾಡನ್ನು ಸಾಕುವ ಅದೇ ತೇವ ತೋಟದಲ್ಲಿ ರೋಗ ಸಾಕುತ್ತದೆ. ನಮ್ಮ 'ಕೊಳೆರೋಗ' ಎಂಬ ಪದ ವಿಜ್ಞಾನದ ಲ್ಯಾಟಿನ್ ಹೆಸರಿಗೂ ಸೇರಿದೆ. ಮೈಸೂರು ಸೀಮೆಯ ಕಾಫಿಗೆ ತಗಲಿದ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ಎಂ. ಸಿ. ಕುಕ್ ಇಟ್ಟ ಹೆಸರು 'ಪೆಲ್ಲಿಕ್ಯುಲೇರಿಯಾ ಕೊಳೆರೋಗ'.

ಅಡಿಕೆಯ ಕೊಳೆ ಬೇರೆಯದು. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅದನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಕಾರಣವಾದ ಜೀವಿ ಫೈಟಾಪ್ತೊರಾ. ಇಂದಿನ ವರ್ಗೀಕರಣದಲ್ಲಿ ಅದು ನಿಜವಾದ ಶಿಲೀಂಧ್ರವೂ ಅಲ್ಲ, ಕಂದು ಪಾಚಿಯ ದೂರದ ನೆಂಟ. ಅದರ ಬೀಜಾಣುಗಳಿಗೆ ಬಾಲವಿದೆ. ಕಾಯಿಯ ಮೇಲಿನ ತೆಳು ನೀರಿನಲ್ಲಿ ಅವು ಈಜಿಕೊಂಡು ಹೋಗುತ್ತವೆ. ತೊಟ್ಟಿನ ಬಳಿ ಕಡುಹಸಿರು ಕಲೆ ಮೂಡುತ್ತದೆ, ಕಾಯಿ ಹೊಳಪು ಕಳೆದುಕೊಳ್ಳುತ್ತದೆ, ಆಮೇಲೆ ಒಂದೊಂದೇ ಉದುರುತ್ತದೆ. ಸುಳಿಗೆ ಇಳಿದರೆ ಮರವೇ ಸಾಯುತ್ತದೆ.

ಮದ್ದು ಹಳೆಯದೇ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಅಂದರೆ ಬೋರ್ಡೋ ದ್ರಾವಣ. ಮಳೆ ಹಿಡಿಯುವ ಮೊದಲು ಒಮ್ಮೆ, ಮತ್ತೆ 40–45 ದಿನಕ್ಕೊಮ್ಮೆ ಕೊನೆಗೆ ಹೊಡೆಯಬೇಕು. ಅದಕ್ಕಿಂತ ಮುಂಚೆ ಹಿರಿಯರು ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಈಗ ಮಲೆನಾಡನ್ನು ಕಾಡುತ್ತಿರುವುದು ಎಲೆಚುಕ್ಕೆ ರೋಗ, ಇದು ಕೊಲೆಟೊಟ್ರೈಕಮ್ ಮೊದಲಾದ ಶಿಲೀಂಧ್ರಗಳ ಕೆಲಸ. ಕೊಳೆ ಸಾಮಾನ್ಯವಾಗಿ ಆ ವರ್ಷದ ಫಸಲನ್ನು ಒಯ್ದರೆ, ಇದು ಸೋಗೆಯನ್ನೇ ಒಣಗಿಸಿ ಮರದ ಕಸುವು ತೆಗೆಯುತ್ತದೆ.

ಇಲ್ಲಿಯವರೆಗಿನದು ವಿಜ್ಞಾನ. ಇನ್ನು ಮುಂದಿನದು ನಮ್ಮ ವಿಷಯ.

ಕಳೆದ ವರ್ಷ ಊರಿಗೆ ಹೋದಾಗ ಪಕ್ಕದ ತೋಟದವರು ಮೆಲ್ಲಗೆ ಒಂದು ಮಾತು ಹೇಳಿದರು: "ನಿಮ್ಮ ತೋಟಕ್ಕೆ ಮದ್ದು ಹೊಡೆಯುವವರಿಲ್ಲ. ನಾವು ಹೊಡೆದರೂ ಕೊಳೆ ಬರುತ್ತದೆ." ನನಗೆ ಉತ್ತರ ಹೊಳೆಯಲಿಲ್ಲ. ಕೊನೆಗಾರ ಸಿಗಲಿಲ್ಲ, ರಜೆ ಸಿಗಲಿಲ್ಲ ಎಂದು ನಾವು ಕೈಬಿಟ್ಟ ಎರಡು ಮಳೆಗಾಲಗಳಲ್ಲಿ ಉದುರಿದ ಕಾಯಿ ಮರದ ಬುಡದಲ್ಲೇ ಕೊಳೆತಿತ್ತು. ಒಣಗಿದ ಕೊನೆಗಳು ಮರದಲ್ಲೇ ನೇತಾಡುತ್ತಿದ್ದವು. ರೋಗ ಮುಂದಿನ ಮಳೆಗಾಲಕ್ಕೆ ಕಾಯುವುದು ಅಲ್ಲೇ. ಮಳೆಹನಿ, ಗಾಳಿ ಅದನ್ನು ಹೊತ್ತೊಯ್ಯುವಾಗ ಬೇಲಿ ನೋಡುವುದಿಲ್ಲ. ಪಹಣಿಯಲ್ಲಿ ಹೆಸರಿದ್ದರೆ ತೋಟ ನಮ್ಮದು ಎಂದುಕೊಂಡಿದ್ದೆ. ರೋಗದ ಲೆಕ್ಕದಲ್ಲಿ ಅದು ಇಡೀ ಕೇರಿಯದು.

ಈ ವರ್ಷ ಪಕ್ಕದವರಿಗೇ ಮದ್ದಿನ ಖರ್ಚು ಮುಂಗಡ ಕಳಿಸಿದ್ದೇವೆ. ಅವರ ಕೊನೆಗಾರನೇ ನಮ್ಮ ಮರಗಳನ್ನೂ ಹತ್ತುತ್ತಾನೆ. ಬುಡದ ಕಾಯಿ ಹೆಕ್ಕಿ ನಾಶಮಾಡಲು ಕೂಲಿ ಬೇರೆ. ಫಸಲಿನಲ್ಲಿ ಅವರಿಗೂ ಪಾಲು. ದೊಡ್ಡ ಏರ್ಪಾಡೇನಲ್ಲ, ಆದರೆ ನಮ್ಮಂತೆ ತೋಟ ಬಿಟ್ಟು ಬಂದವರು ಈ ಓದುಗರಲ್ಲಿ ಎಷ್ಟೋ ಮಂದಿ ಇರಬಹುದೆಂದು ಬರೆದೆ.

ಮೊನ್ನೆ ಫೋನ್ ಬಂದಿತ್ತು. ಮೊದಲ ಮದ್ದು ಮುಗಿಯಿತಂತೆ. ಅಣಬೆಯೂ ಎದ್ದಿದೆಯಂತೆ.