ಬದುವೇ ಬೀದಿಗೆ ಗೋಡೆಯಾದಾಗ

ಮಗಳನ್ನು ಬೆಂಗಳೂರಿನ ಅಂಚಿನ ಒಂದು ಬಡಾವಣೆಗೆ ಕೊಟ್ಟಿದ್ದೇವೆ. ಅವಳ ಹಿತ್ತಿಲ ಗೋಡೆಯಾಚೆಗೇ ಹಾಲಿನ ಬೂತು. ಕೂಗಿದರೆ ಕೇಳುತ್ತದೆ. ಆದರೆ ಹಾಲು ತರಲು ಅರ್ಧ ಮೈಲಿ ಸುತ್ತಬೇಕು! ಬೀದಿ ಗೋಡೆಗೆ ಬಂದು ನಿಂತಿದೆ. ಆ ಗೋಡೆ ಹಿಂದೆ ಎರಡು ಹೊಲದ ನಡುವಿನ ಬದು ಆಗಿತ್ತಂತೆ.

ಹಳೇ ಊರು ಹೀಗಿಲ್ಲ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯಲ್ಲಿ ದೊಡ್ಡಪೇಟೆ, ಚಿಕ್ಕಪೇಟೆ ಬೀದಿಗಳು ಒಂದನ್ನೊಂದು ದಾಟುತ್ತವೆ. 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಗೆ ಮೊದಲೇ ನಕ್ಷೆ ಬರೆದು ಮೈನು, ಕ್ರಾಸು ಅಂತ ಗೆರೆ ಹಾಕಿದರು. ಒಂದು ಬೀದಿ ಕಟ್ಟಿಕೊಂಡರೆ ಪಕ್ಕದ್ದರಲ್ಲಿ ಹೋಗಬಹುದು.

ಈಗ ಅಂಚಿನಲ್ಲಿ ಆಗೋದೇ ಬೇರೆ. ಒಬ್ಬ ಎರಡೆಕರೆ ಮಾರ್ತಾನೆ. ಕೊಂಡವನು ಅಷ್ಟರೊಳಗೇ ಸೈಟು, ರಸ್ತೆ ಮಾಡಿ ಬದುವಿಗೆ ನಿಲ್ಲಿಸುತ್ತಾನೆ. ನಾಲ್ಕು ವರ್ಷದ ಮೇಲೆ ಪಕ್ಕದವನು ಮಾರಿದರೆ ಅವನ ರಸ್ತೆಯ ಮುಖ ಇನ್ನೊಂದು ಕಡೆ. ಎರಡೂ ಕೂಡೋದಿಲ್ಲ. ಎಲ್ಲರೂ ಒಂದೇ ದೊಡ್ಡ ರಸ್ತೆಗೆ ಬಂದು ಬೀಳಬೇಕು. ಹತ್ತು ಹೊಲದ ಮಳೆನೀರಿಗೆ ಒಂದೇ ಕೋಡಿ ಇಟ್ಟರೆ ಬದು ಒಡೆಯದೆ ಇದ್ದೀತೆ? ಬಸ್ಸು ಒಳಗೆ ಬರೋಲ್ಲ, ನಡೆಯುವವನೂ ಸ್ಕೂಟರು ಹತ್ತುತ್ತಾನೆ.

2007ರಲ್ಲಿ 110 ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿದರು. ಅಷ್ಟರಲ್ಲಿ ಎಷ್ಟೋ ಕಡೆ ಇಂಥ ರಸ್ತೆ ಬಿದ್ದಾಗಿತ್ತು. ಮನೆ ಕೆಡವಿ ಮತ್ತೆ ಕಟ್ಟಬಹುದು. ರಸ್ತೆಯ ಗೆರೆ ಬದಲಿಸುವುದು ಬಹಳ ಕಷ್ಟ.

ಬಡಾವಣೆ ಹೇಗಿದೆ ಅಂತ ತಿಳಿಯಲು ದಾರಿ ಕೂಡುವ ಜಾಗ ಎಣಿಸಿ. ನಾಲ್ಕು ದಾರಿ ಕೂಡಿದರೆ ಒಳ್ಳೇದು, ಮೂರಾದರೆ ಪರವಾಗಿಲ್ಲ. ಹೋದ ದಾರಿಯಲ್ಲೇ ವಾಪಸು ಬರಬೇಕಾದ ಬೀದಿಗಳೇ ಹೆಚ್ಚಿದ್ದರೆ ಕೆಟ್ಟದ್ದು.

ಇದು ಪಟ್ಟಣದವರ ಪಾಡು ಅನ್ನಬೇಡಿ. ನಮ್ಮೂರಲ್ಲೂ ಒಂದು ಬಡಾವಣೆಯವರು ಬಂಡಿದಾರಿಗೆ ಅಡ್ಡವಾಗಿ ಬೇಲಿ ಹಾಕಿದರು. ಆ ವರ್ಷ ರಾಗಿ ಹೊರೆಯನ್ನೆಲ್ಲ ತಲೆ ಮೇಲೆ ಹೊತ್ತು ಕಣಕ್ಕೆ ತಂದೆವು. ಗ್ರಾಮ ನಕಾಶೆ ತೆಗೆಸಿ, ಅದರಲ್ಲಿ ದಾರಿ ತೋರಿಸಿ, ಸರ್ವೆಯವರಿಂದ ಅಳೆಸಿದ ಮೇಲೆ ಬೇಲಿ ಹೋಯಿತು. ನಕಾಶೆ ಇರದಿದ್ದರೆ ನನ್ನ ಹೊಲಕ್ಕೆ ದಾರಿಯೇ ಇರ್ತಿರಲಿಲ್ಲ.

ಆದ್ದರಿಂದ ಮೂರು ಮಾತು. ನಕಾಶೆಯ ಪ್ರತಿ ಇಂದೇ ತೆಗೆಸಿಟ್ಟುಕೊಳ್ಳಿ. ಬಿ ಖರಾಬು ಅಂತ ದಾಖಲಾದ ದಾರಿ, ಹಳ್ಳ ಸಾರ್ವಜನಿಕರದ್ದು, ಮುಚ್ಚಲು ಬಿಡಬೇಡಿ. ಮಾರಲೇಬೇಕಾಗಿ ಬಂದರೆ ಅಕ್ಕಪಕ್ಕದವರು ಕೂತು ಮಾತಾಡಿ, ರಸ್ತೆ ಬದುವಿನಾಚೆಗೂ ಮುಂದುವರಿಯುವಂತೆ ಮೊದಲೇ ಕರಾರು ಮಾಡಿಕೊಳ್ಳಿ.