ನಕ್ಷತ್ರಗರ್ಭದಲ್ಲಿ ಇಂಗಾಲದ ಉರಿ

ದೆಹಲಿಯ ಚಳಿಗಾಲದಲ್ಲಿ ಅಗ್ಗಿಷ್ಟಿಕೆಯ ಮುಂದೆ ಮೈ ಕಾಯಿಸಿಕೊಳ್ಳುವವರಿಗೆ ಇಂಗಾಲ ಉರಿಯುವುದೆಂದರೆ ಅದು ಗಾಳಿಯ ಆಮ್ಲಜನಕದೊಡನೆ ಕೂಡುವುದೆಂದೇ ಅರ್ಥ. ನಕ್ಷತ್ರಗಳ ವಿಷಯದಲ್ಲಿ ಈ ಮಾತಿನ ಅರ್ಥವೇ ಬೇರೆ. ಅಲ್ಲಿ ಇಂಗಾಲದ ಎರಡು ಪರಮಾಣು ಬೀಜಗಳು ಬೆಸೆದುಕೊಂಡು ನಿಯಾನ್, ಸೋಡಿಯಂ ಮೊದಲಾದ ಧಾತುಗಳು ಹುಟ್ಟುತ್ತವೆ. ಅಷ್ಟೇ ತೂಕದ ಇದ್ದಿಲು ಕೊಡುವ ಶಾಖಕ್ಕಿಂತ ಇದರಿಂದ ಹೊಮ್ಮುವ ಶಕ್ತಿ 5 ಲಕ್ಷ ಪಟ್ಟಿಗೂ ಅಧಿಕ.

ಈ ಉರಿ ಹೊತ್ತಿಕೊಳ್ಳಲು 60ರಿಂದ 70 ಕೋಟಿ ಡಿಗ್ರಿಗಳ ಉಷ್ಣತೆ ಬೇಕು. ನಮ್ಮ ಸೂರ್ಯ ಎಂದಿಗೂ ಆ ಮಟ್ಟವನ್ನು ಮುಟ್ಟಲಾರ. ಸೂರ್ಯನ ಸುಮಾರು 8ರಿಂದ 10 ಪಟ್ಟು ದ್ರವ್ಯರಾಶಿಯುಳ್ಳ ನಕ್ಷತ್ರಗಳು ತಮ್ಮ ವೃದ್ಧಾಪ್ಯದಲ್ಲಿ ಅದನ್ನು ಮುಟ್ಟುತ್ತವೆ. ಗರ್ಭದಲ್ಲಿದ್ದ ಹೈಡ್ರೋಜನ್ ಹಾಗೂ ಹೀಲಿಯಂ ತೀರಿದ ಮೇಲೆ ಅಲ್ಲಿ ಉಳಿಯುವುದು ಇಂಗಾಲ ಮತ್ತು ಆಮ್ಲಜನಕ. ಸೂರ್ಯನಷ್ಟೇ ತೂಗುವ ಈ ಗರ್ಭ ಒಂದು ಗ್ರಹದ ಗಾತ್ರಕ್ಕೆ ಕುಗ್ಗಿರುತ್ತದೆ.

ಇಂತಹ ಒತ್ತಡದಲ್ಲಿ ಎಲೆಕ್ಟ್ರಾನುಗಳು ಪರಮಾಣುಗಳಿಂದ ಕಿತ್ತುಬಂದು ಬಿಡಿಯಾಗುತ್ತವೆ. ಶಾಖದ ನೆರವಿಲ್ಲದೆ ಒತ್ತಡವೊಂದೇ ಈ ಕೆಲಸವನ್ನು ಮಾಡಬಲ್ಲುದೆಂಬುದನ್ನು 1930ರ ದಶಕದಲ್ಲಿ ವಿವರಿಸಿದವರು ದೆಹಲಿ ವಿಶ್ವವಿದ್ಯಾಲಯದ ಭೌತವಿಜ್ಞಾನಿ ದೌಲತ್ ಸಿಂಗ್ ಕೊಠಾರಿ. ಗರ್ಭದ ಭಾರವನ್ನು ಹೊರುವುದು ಒತ್ತೊತ್ತಾಗಿ ಸೇರಿದ ಈ ಎಲೆಕ್ಟ್ರಾನುಗಳೇ ಆದ್ದರಿಂದ ಒಳಗಿನ ದ್ರವ್ಯ ಕಾದರೂ ಕೂಡಲೇ ಉಬ್ಬುವುದಿಲ್ಲ.

ಉರಿ ನಡುವಿನಲ್ಲಿಯೇ ಹೊತ್ತಬೇಕೆಂದು ಯಾರಿಗಾದರೂ ತೋರೀತು. ಹಾಗಾಗುವುದಿಲ್ಲ! ಅತಿ ಸಾಂದ್ರವಾದ ನಡುವಿನಿಂದ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು ತಡೆಯಿಲ್ಲದೆ ಹೊರಬೀಳುತ್ತ ಶಾಖವನ್ನು ಕೊಂಡೊಯ್ಯುತ್ತವೆ. ನಡು ತಣ್ಣಗಾಗಿ, ಅದರಿಂದ ದೂರದ ಒಂದು ಪದರವೇ ಅತ್ಯಂತ ಬಿಸಿಯಾಗಿ ಉಳಿಯುತ್ತದೆ. ಇಂಗಾಲ ಮೊದಲು ಭುಗಿಲೇಳುವುದು ಅಲ್ಲಿ. ಆ ಭಾಗ ಕಡೆಗೆ ಉಬ್ಬಿದಾಗ ಭುಗಿಲು ತಗ್ಗುತ್ತದೆ. ಗರ್ಭ ಮತ್ತೆ ಕುಗ್ಗಿದೊಡನೆ ಉರಿ ಮರಳುತ್ತದೆ. ಈ ಬಾರಿ ಜ್ವಾಲೆ ಪದರದಿಂದ ಪದರಕ್ಕೆ ಕಾವು ದಾಟಿಸುತ್ತ ಒಳಮುಖವಾಗಿ ಸಾಗುತ್ತದೆ. ಕೇಂದ್ರವನ್ನು ಸೇರಲು ಅದಕ್ಕೆ ಸಾವಿರಾರು ವರ್ಷಗಳು ಬೇಕು. ನಕ್ಷತ್ರದ ಆಯುಸ್ಸಿನ ಮುಂದೆ ಇದು ಕ್ಷಣಮಾತ್ರ.

ಜ್ವಾಲೆ ಕೇಂದ್ರ ಸೇರಿದಾಗ ಗರ್ಭದಲ್ಲಿ ಬಹುಪಾಲು ಆಮ್ಲಜನಕ ಮತ್ತು ನಿಯಾನ್ ಇರುತ್ತವೆ. ಹೊರಪದರಗಳು ಬೇಗ ಕಳಚಿಹೋದರೆ ಉಳಿಯುವುದು ಆಮ್ಲಜನಕ–ನಿಯಾನುಗಳ ಶ್ವೇತಕುಬ್ಜ. ಅದಕ್ಕೆ ಮೊದಲೇ ಗರ್ಭ ಬೆಳೆದು, ಸುಬ್ರಹ್ಮಣ್ಯನ್ ಚಂದ್ರಶೇಖರ್ ಗುರುತಿಸಿದ ಸೂರ್ಯನ ಸುಮಾರು 1.4 ಪಟ್ಟಿನ ಮಿತಿಯನ್ನು ಸಮೀಪಿಸಿದರೆ, ಮೆಗ್ನೀಸಿಯಂ ಮತ್ತು ನಿಯಾನ್ ಬೀಜಗಳು ಎಲೆಕ್ಟ್ರಾನುಗಳನ್ನು ನುಂಗತೊಡಗುತ್ತವೆ. ಭಾರ ಹೊತ್ತ ಆಧಾರವೇ ಕರಗಿ ಗರ್ಭ ಕುಸಿಯುತ್ತದೆ, ನಕ್ಷತ್ರ ಸಿಡಿಯುತ್ತದೆ. 1054ರಲ್ಲಿ ಚೀನದ ವೀಕ್ಷಕರು ದಾಖಲಿಸಿದ ಏಡಿ ನೀಹಾರಿಕೆಯ ಸ್ಫೋಟ ಇದೇ ಬಗೆಯದಿರಬಹುದೆಂದು ಕೆಲವು ಖಗೋಳವಿಜ್ಞಾನಿಗಳು ಊಹಿಸಿದ್ದಾರೆ.