ಕುರುಡಿಯ ಗುಟುಕು, ಭಾನುವಾರದ ಲೆಕ್ಕ

“ನಾಲ್ಕು ಭಾನುವಾರ ಕುಮಟಾಕ್ಕ ಹೋಗಿ ಬಂದೇನ್ರಿ. ಒಂದ್ ವಾರ ಟಪ್ ಟಪ್ ಅಂತ ಸಪ್ಪಳ, ಕೋಲು ಜಗ್ಗಿದ್ರ ಬರೀ ಗಾಳ. ಮುಂದಿನ ವಾರ ಸಪ್ಪಳಾನೂ ಇಲ್ಲ. ದೋಸ್ತ ಅಮಾಸಿ ಕಾಟ ಅಂತಾನ, ಕೋಲಿಗೆ ಲಿಂಬಿಹಣ್ಣ ಕಟ್ಟು ಅಂತಾನ. ಖರೇನ್ರಿ?”

ಹುಬ್ಬಳ್ಳಿಯ ವಿದ್ಯಾನಗರದಿಂದ ಬಂದ ಪತ್ರ. ಲಿಂಬೆಹಣ್ಣು ಒಯ್ಯಿರಿ, ಬೇಡ ಅನ್ನುವುದಿಲ್ಲ. ಹುರಿದ ಮೀನಿನ ಮೇಲೆ ಹಿಂಡಲಿಕ್ಕೆ ಬೇಕಾಗುತ್ತದೆ.

‘ಟಪ್’ ಎಂದದ್ದು ಕುರುಡಿ ಮೀನೇ ಇರಬೇಕು. ಕಾರವಾರ, ಗೋವಾ ಕಡೆ ಚೊಣಕ್ ಅನ್ನುತ್ತಾರೆ, ಆಸ್ಟ್ರೇಲಿಯಾದವರಿಗೆ ಇದೇ ಬಾರಾಮುಂಡಿ. ಹೆಸರು ಕೇಳಿ ಕಣ್ಣು ಕಾಣದ ಮೀನು ಎಂದುಕೊಳ್ಳಬೇಡಿ. ರಾತ್ರಿ ಬ್ಯಾಟರಿ ಬೆಳಕು ಬಿಟ್ಟರೆ ಇದರ ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ. ಬೆಕ್ಕಿನ ಕಣ್ಣಿನಂತೆ ಒಳಗೆ ಕನ್ನಡಿಯ ಪದರವಿದೆ, ಮಬ್ಬಿನಲ್ಲೂ ಚೆನ್ನಾಗಿ ಕಾಣುತ್ತದೆ.

ಒಮ್ಮೆ ಕುಮಟಾ ಕಡೆಯ ಮಾಣಿಕಟ್ಟಾದಲ್ಲಿ ಗಜನಿಯ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯ, ಏರಿಯ ಮೇಲೆ ಕುಳಿತಿದ್ದೆ. ನೀರು ಬಿಡುವ ಬಾಗಿಲು ಜಂತ್ರಡಿಯ ಹಲಗೆ ಎತ್ತಿದ್ದರು, ಗದ್ದೆಯ ನೀರು ಅಘನಾಶಿನಿಗೆ ಧುಮ್ಮಿಕ್ಕುತ್ತಿತ್ತು. ಬೆರಳುದ್ದದ ಸಿಗಡಿಯೊಂದು ಮೇಲೆಯೇ ತೇಲಿ ಬಂತು. ಟಪ್! ಸಿಗಡಿ ಇದ್ದಲ್ಲಿ ಅಂಗೈಯಗಲದ ಸುಳಿ. ಮೀನು ಕಾಣಲೇ ಇಲ್ಲ.

ಏಕೆಂದರೆ ಕುರುಡಿ ಕಚ್ಚುವುದಿಲ್ಲ, ಹೀರುತ್ತದೆ. ರಂಗಪಂಚಮಿಯ ಪಿಚಕಾರಿಗೆ ಬಣ್ಣ ತುಂಬಿಸುವಾಗ ಹಿಡಿಕೆ ಹಿಂದಕ್ಕೆ ಎಳೆಯುತ್ತೀರಲ್ಲ, ಅದೇ ಕೆಲಸ. ಬಾಯಿ ತೆರೆದುಕೊಳ್ಳುತ್ತದೆ, ಗಂಟಲಿನ ತಳ ಕೆಳಗಿಳಿಯುತ್ತದೆ, ಕಿವಿರಿನ ಮುಚ್ಚಳಗಳು ಎರಡೂ ಕಡೆ ಅಗಲುತ್ತವೆ. ಬಾಯೊಳಗೆ ಒತ್ತಡ ಥಟ್ಟನೆ ಇಳಿದು ಹೊರಗಿನ ನೀರು ನುಗ್ಗುತ್ತದೆ. ಸಿಗಡಿಯೂ ಆ ನೀರಿನ ಪಾಲು. ನೀರು ಕಿವಿರಿನಿಂದ ಹೊರಗೆ, ಸಿಗಡಿ ಹೊಟ್ಟೆಗೆ. ನಾವು ರೆಪ್ಪೆ ಮಿಟುಕಿಸುವಷ್ಟರಲ್ಲಿ ಇಷ್ಟೆಲ್ಲ ಮುಗಿದಿರುತ್ತದೆ. ಹಲ್ಲೋ, ಮರಳುಕಾಗದದಷ್ಟೇ ತರಿ.

ಈಗ ನಿಮ್ಮ ಗಾಳಕ್ಕೆ ಬರೋಣ. ದಾರ ಬಿಗಿಯಾಗಿ ಹಿಡಿದಿದ್ದರೆ ಸಿಗಡಿ ನೀರಿನ ಜೊತೆ ಹೋಗಲಾರದು, ಮೀನಿಗೆ ಬರೀ ನೀರಿನ ಗುಟುಕು ಸಿಗುತ್ತದೆ. ಒಳಗೆ ಹೋದರೂ ಆ ಕ್ಷಣ ಗಾಳ ಬಾಯಿಯ ನಡುವೆ ತೇಲುತ್ತಿರುತ್ತದೆ, ಎಲ್ಲಿಯೂ ತಾಗಿರುವುದಿಲ್ಲ. ಸಪ್ಪಳ ಕೇಳಿ ನೀವು ಜಗ್ಗಿದಿರಿ, ಬಂದ ಬಾಗಿಲಿನಿಂದಲೇ ಅದು ವಾಪಸ್ಸು! ಜೋರಾಗಿ ಜಗ್ಗಿದವನೇ ಗಂಡು ಎಂಬ ಭ್ರಮೆಯಲ್ಲಿ ನಾನೂ ಎರಡು ಮಳೆಗಾಲ ಕಳೆದಿದ್ದೇನೆ. ಮೊಳದಷ್ಟು ದಾರ ಸಡಿಲ ಬಿಡಿ. ಸಪ್ಪಳ ಕೇಳಿದರೂ ಕೈ ಕಟ್ಟಿ ನಿಲ್ಲಿ. ಮೀನು ತಿರುಗಿ ಹೊರಟು ದಾರ ತಾನೇ ಬಿಗಿಯಾಗಲಿ.

ಇದಕ್ಕೆ ಸರ್ಕಲ್ ಹುಕ್ ಒಳ್ಳೆಯದು. ಅದರ ಮೊನೆ ಒಳಕ್ಕೆ ಬಾಗಿರುವುದರಿಂದ ಗಂಟಲಲ್ಲಿ ಚುಚ್ಚದೆ ಜಾರಿ ಬಂದು, ದವಡೆಯ ಮೂಲೆಯಲ್ಲಿ ಹೊರಳಿ ಕೂರುತ್ತದೆ. ಅದಕ್ಕೂ ಜಗ್ಗುವಂತಿಲ್ಲ.

ಸಿಕ್ಕ ಮೀನನ್ನು ದಡಕ್ಕೆ ತರುವುದು ಬೇರೆಯದೇ ಪಾಠ. 1790ರಲ್ಲಿ ಮೀನುತಜ್ಞ ಬ್ಲಾಖ್ ಈ ಮೀನಿಗೆ ‘ಕ್ಯಾಲ್ಕರಿಫರ್’ ಎಂದು ಹೆಸರಿಟ್ಟ, ಮುಳ್ಳು ಹೊತ್ತದ್ದು ಎಂದರ್ಥ. ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಂತೆ ದಾರ ಕೊಯ್ಯುತ್ತದೆ, ಹಾಗಾಗಿ ಕೊನೆಯ ಒಂದು ಮಾರು ದಪ್ಪ ನೈಲಾನ್ ಇರಲಿ. ರೀಲಿನ ಡ್ರ್ಯಾಗ್ ಬೈಕಿನ ಕ್ಲಚ್ ಪ್ಲೇಟಿನ ಸೋದರ, ಮಿತಿ ಮೀರಿ ಎಳೆದರೆ ಜಾರಬೇಕು. 9 ಕಿಲೋ ತಡೆಯುವ ದಾರಕ್ಕೆ 3 ಕಿಲೋ ಸಾಕು. ಚೀಲದಲ್ಲಿ 3 ಲೀಟರ್ ನೀರಿನ ಬಾಟಲಿ ತೂಗುಹಾಕಿ ಮನೆಯಲ್ಲೇ ಹೊಂದಿಸಿಕೊಳ್ಳಿ. ಮೀನು ಜಿಗಿದಾಗ ಕೋಲಿನ ತುದಿ ಇಳಿಸಿ.

ಇನ್ನು ಅಮಾವಾಸ್ಯೆ. ದೂರುವುದಾದರೆ ಅಷ್ಟಮಿಯನ್ನು ದೂರಿ! ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ ಚಂದ್ರರ ಸೆಳೆತ ಕೂಡಿ ಉಬ್ಬರ ಇಳಿತ ಜೋರು, ಅಷ್ಟಮಿಯ ಆಸುಪಾಸಿನಲ್ಲಿ ಸಪ್ಪೆ. ಇಳಿತದಲ್ಲಿ ಗಜನಿಯ ನೀರಿನ ಜೊತೆ ಸಿಗಡಿ ಹೊರಬೀಳುವ ಹೊತ್ತಿಗೆ ಕುರುಡಿ ಬಾಗಿಲಲ್ಲೇ ಕಾದಿರುತ್ತದೆ.

ನಿಮ್ಮನ್ನು ಕಾಡಿದ್ದು ಭಾನುವಾರ. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಏಳು ದಿನಕ್ಕೆ 350 ನಿಮಿಷ, ಹತ್ತಿರಹತ್ತಿರ ಆರು ತಾಸು. ಅಂದರೆ ಈ ಭಾನುವಾರ ಇಳಿತ ಶುರುವಾದ ಗಳಿಗೆಗೆ ಮುಂದಿನ ಭಾನುವಾರ ನೀರು ಏರತೊಡಗಿರುತ್ತದೆ! ಅದರ ಮುಂದಿನ ವಾರ ಮತ್ತೆ ಇಳಿತ. ನಿಮ್ಮ ‘ಒಂದ್ ವಾರ ಸಪ್ಪಳ, ಮುಂದಿನ ವಾರ ಇಲ್ಲ’ ಇದೇ.

ಹೋದ ಭಾನುವಾರ 7 ಗಂಟೆಗೆ ನೀರು ಇಳಿಯತೊಡಗಿತ್ತು ಎಂದು ಬರೆದಿದ್ದೀರಿ. ಈ ಭಾನುವಾರ ಅದು 12.50ರ ಸುಮಾರಿಗೆ. ನಸುಕಿನಲ್ಲಿ ಎದ್ದು ಓಡಬೇಡಿ. ಉಪ್ಪಿಟ್ಟು ತಿಂದು, ಯಲ್ಲಾಪುರದಲ್ಲಿ ಚಹಾ ಕುಡಿದು ಅರಬೈಲು ಘಟ್ಟ ಇಳಿದರೂ ಕುರುಡಿಗಿಂತ ಮೊದಲು ನೀವೇ ಜಂತ್ರಡಿಯ ಬಳಿ ಇರುತ್ತೀರಿ.